ಹೊಳೆಯಾಚೆಗೆ ಆರು ಮಾವಿನಕಾಯಿ

ನಾಕಾ ಇದ್ದಲ್ಲಿ ನಗೆ ತಪ್ಪಿದ್ದಲ್ಲ. ಮುಚ್ಚಿಡುವವರು ಮುಚ್ಚಿಡುತ್ತಾರೆ, ಬಿಚ್ಚುವವರು ಬಿಚ್ಚುತ್ತಾರೆ. ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ಆ ಹರಗೋಲು ನನ್ನ ಕಣ್ಣೊಳಗೆ ಸುತ್ತುತ್ತದೆ.

ಪೊಲೀಸ್ ಆಕ್ಷನ್ ಆದ ಮರುಬೇಸಿಗೆ. ನಿಜಾಮರ ಆಳ್ವಿಕೆ ಹೋಗಿತ್ತು, ಅಲಂಪುರದ ದಡದ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ, ಮಾತ್ರ ಹೋಗಿರಲಿಲ್ಲ. ನಾವು ಗದ್ವಾಲಿನ ನೇಕಾರರು. ತುಂಗಭದ್ರೆಯ ಆಚೆ, ಬೇರೆ ಸರ್ಕಾರದ ಕರ್ನೂಲಿನಲ್ಲಿ ಅಕ್ಕ ಬಸುರಿ. ಊಟ ಸೇರುತ್ತಿಲ್ಲ, ತೌರಿನ ಗಿಡದ ಮಾವಿನಕಾಯಿ ಬೇಕು ಎಂದು ಹೇಳಿ ಕಳಿಸಿದ್ದಳು. ಹಸಿ ಹಣ್ಣು-ಕಾಯಿ ಗಡಿ ದಾಟುವಂತಿಲ್ಲ ಎಂಬುದು ನಾಕಾದ ಕಾಯಿದೆ. ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂಬುದು ನಮ್ಮ ಅಜ್ಜಿಯ ಕಾಯಿದೆ.

ಬುಟ್ಟಾ

ಅಜ್ಜಿ ಹೊಸ ಸೀರೆಯ ಮಡಿಕೆಗಳಲ್ಲಿ ಆರು ಕಾಯಿ ಸುತ್ತಿ, ನನ್ನನ್ನೂ ಕರೆದುಕೊಂಡು ನಾಕಾಕ್ಕೆ ಬಂದಳು.

"ಸೀರಿಯಾಗ ಏನೈತಿ?" ಎಂದರು ನಾಕಾ ಸಾಹೇಬರು.

"ಮಾವಿನಕಾಯಿ ಬುಟ್ಟಾರೀ. ನಮ್ಮ ಮಗ್ಗದ್ದು."

ಸುಳ್ಳೇನಲ್ಲ, ಸೀರೆಯ ತುಂಬ ಜರಿಯ ಮಾವಿನಕಾಯಿಗಳೇ. ಸೆರಗು ನೋಡೋಣವೆಂದು ಸಾಹೇಬರು ಕೊಡವಿದರು. ಹಸಿರು ಕಾಯೊಂದು ಉರುಳಿ ಅವರ ಬೂಟಿಗೆ ತಾಗಿತು.

"ಅಮ್ಮಾ, ನಿಮ್ಮ ನೇಯ್ಗಿ ಕಚ್ಚಾ ಐತಿ. ಬುಟ್ಟಾ ಉದುರತಾವ."

ಆರೂ ಅಲ್ಲೇ ಉಳಿದವು.

ಉಪ್ಪಿನಕಾಯಿ

"ಆಚಾರ್ ಆದ್ರ ಬಿಡತೀನಿ," ಎಂದು ಸಾಹೇಬರೇ ಅಂದಿದ್ದರು. ಮುಂದಿನ ವಾರ ಅಜ್ಜಿ ಅವರೆದುರೇ ಬುಟ್ಟಿ ಇಳಿಸಿ, ಸೆರಗಿನ ಗಂಟಿನಿಂದ ಉಪ್ಪು ತೆಗೆದು, ಇಡೀ ಇಡೀ ಕಾಯಿಗಳ ಮೇಲೆ ಉದುರಿಸಿದಳು.

"ಇಗೋರೀ, ಬಸುರಿ ಮೊಮ್ಮಗಳಿಗೆ ಉಪ್ಪಿನಕಾಯಿ."

"ಖಾರ ಎಲ್ಲೈತಿ?"

"ನೀವು ಬಿಡದಿದ್ರ ನನ್ನ ಬಾಯಾಗಿಂದ ಬರತೈತಿ."

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಕಾಯಿ ಮಾತ್ರ ಮುಂದೆ ಹೋಗಲಿಲ್ಲ.

ಆಮ್ ಮಾಫಿ

ಅಕ್ಕ ಗಂಜಿಯಲ್ಲೇ ದಿನ ದೂಡುತ್ತಿದ್ದಾಳೆಂದು ಸುದ್ದಿ ಬಂತು. ಅಷ್ಟರಲ್ಲಿ ಸಣ್ಣಪುಟ್ಟ ತಪ್ಪು ಮಾಡಿದವರಿಗೆ 'ಆಮ್ ಮಾಫಿ' ಎಂದು ಊರಲ್ಲಿ ಡಂಗುರ ಹೊಡೆದರು. ಎಲ್ಲರಿಗೂ ಕ್ಷಮೆ ಎಂದರ್ಥ. ಆದರೆ ಉರ್ದುವಿನಲ್ಲಿ ಆಮ್ ಅಂದರೆ ಮಾವೂ ಹೌದು. ಅಜ್ಜಿಗೆ ಗೊತ್ತಿದ್ದುದು ಅದೊಂದೇ ಆಮ್. ಉರ್ದುವಿನಲ್ಲೇ ಓದಿದ ನನಗೆ ಎರಡೂ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಆ ಬೆಳಗ್ಗೆ ಹೊಳೆಯೂ ಆಕಾಶವೂ ಒಂದೇ ಬಣ್ಣ. ಅಜ್ಜಿ ತೆರೆದ ಬುಟ್ಟಿ ಹೊತ್ತು ನೆಟ್ಟಗೆ ನಾಕಾಕ್ಕೇ ನಡೆದಳು.

"ಅಮ್ಮಾ, ಮತ್ತ ತಂದ್ರಾ?"

"ಡಂಗುರ ಕೇಳಲಿಲ್ಲೇನ್ರೀ? ಆಮ್ ಮಾಫಿ ಆಗೈತಿ."

ಸಾಹೇಬರು ಹಣೆ ಒತ್ತಿಕೊಂಡರು. "ಆ ಆಮ್ ಅಲ್ಲಮ್ಮಾ. ಮಾಫಿ ಆಗಿದ್ದು ತಪ್ಪು ಮಾಡಿದವ್ರಿಗೆ."

"ತಪ್ಪು ಮಾಡಿದವ್ರಿಗೇ ಮಾಫಿ ಐತಿ. ಈ ಕಾಯಿ ಏನು ತಪ್ಪು ಮಾಡ್ಯಾವ್ರೀ?"

ಸಾಹೇಬರು ನನ್ನತ್ತ ನೋಡಿದರು. ನಾನು ಹೊಳೆ ನೋಡಿದೆ. ಅವರು ನಿಟ್ಟುಸಿರು ಬಿಟ್ಟು ಆಕಾಶ ನೋಡುತ್ತ ನಿಂತುಬಿಟ್ಟರು.

ಬುಟ್ಟಿಯೊಡನೆ ನಾವು ಹತ್ತಿದ ಹರಗೋಲು ನಿಧಾನಕ್ಕೆ ಸುತ್ತುತ್ತ ಸಾಗಿತು. ಯಾವ ದಡ ಯಾವ ಸರ್ಕಾರದ್ದೆಂದು ತಿಳಿಯದಾಯಿತು. ಮಾವಿನ ಸೊನೆಯ ವಾಸನೆಯೂ ನಮ್ಮ ಜತೆ ಸುತ್ತಿತು.

ಅಕ್ಕ ಒಂದು ಕಾಯಿ ಕಚ್ಚಿದಳು, ಕಣ್ಣು ಮುಚ್ಚಿದಳು, ತಟ್ಟೆ ತುಂಬ ಅನ್ನ ಉಂಡಳು. ಆಮೇಲೆ ಅಜ್ಜಿಯ ಕಿವಿಯಲ್ಲಿ ಏನೋ ಉಸುರಿದಳು.

ಸಂಜೆ ನಾವು ವಾಪಸಾದಾಗ ಸಾಹೇಬರು ದಡದಲ್ಲೇ ಇದ್ದರು. "ಮೊಮ್ಮಗಳು ತಿಂದ್ಲೇನ್ರೀ?"

"ತಿಂದ್ಲರೀ, ನಿಮ್ಮ ಹೊಟ್ಟಿ ತಣ್ಣಗಿರಲಿ," ಎಂದಳು ಅಜ್ಜಿ. "ಅಂದಂಗ ಸಾಹೇಬ್ರ, ಹುಣಸಿ ಚಿಗುರಿಗೆ ಮಾಫಿ ಯಾವಾಗರೀ?"