ಚಿಕ್ಕಪ್ಪನ ಗಂಜಿ ಕೊಳವೆ

ನಮ್ಮ ಚಿಕ್ಕಪ್ಪನಿಗೆ ಅರ್ಧ ಹುಚ್ಚು ಎಂದು ಚಾಮರಾಜನಗರದಲ್ಲಿ ಹೇಳುತ್ತಿದ್ದರು. ಅವರ ಹುಟ್ಟೂರು ಗುಂಡ್ಲುಪೇಟೆಯವರು ಇದನ್ನು ಒಪ್ಪುತ್ತಿರಲಿಲ್ಲ. ಚಿಕ್ಕಂದಿನಿಂದ ಬಲ್ಲವರಲ್ಲವೇ? ಪೂರ್ತಿ ಹುಚ್ಚು ಎನ್ನುತ್ತಿದ್ದರು!

ಚಿಕ್ಕಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಐವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಾನು ಅವರ ಮನೆಯಲ್ಲಿದ್ದುಕೊಂಡು ಚಾಮರಾಜನಗರದಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಯಾವುದೋ ವಿಲಾಯತಿ ಪತ್ರಿಕೆಯಿಂದ ಅವರಿಗೊಂದು ವಿದ್ಯೆ ಅಂಟಿಕೊಂಡಿತ್ತು. ಗಾಜಿನ ಕೊಳವೆಗೆ ನೆನೆದು ಉಬ್ಬಿದ ಗಂಜಿಪುಡಿ ತುಂಬಿ, ಮೇಲಿಂದ ದ್ರಾವಣ ಸುರಿದರೆ, ಅಣುಗಳು ಗಾತ್ರದ ಪ್ರಕಾರ ಬೇರೆಯಾಗಿ ತೊಟ್ಟಿಕ್ಕುತ್ತವಂತೆ. ದೊಡ್ಡವು ಮೊದಲು, ಸಣ್ಣವು ಆಮೇಲೆ!

"ದೊಡ್ಡವು ಸಿಕ್ಕಿಹಾಕ್ಕೊಳ್ಳೋದಿಲ್ವಾ?" ಎಂದೆ.

"ಸಂತೆಗೆ ಓಗಿಲ್ವೇನ್ಲಾ? ದೊಡ್ಡೋರು ನೆಟ್ಟಗೆ ಮನೆಗ್ ಬತ್ತಾರೆ. ಮಕ್ಳು ಕಂಡಕಂಡ ಸಂದಿಗೆಲ್ಲ ನುಗ್ಗಿ ಒತ್ತಾಗ್ ಬತ್ತವೆ. ಅಷ್ಟೇಯ ಕಣ."

ಬಂಡೀಪುರದ ಕಾಡಿನ ಮರದಂಟನ್ನು ಹೀಗೆ ಇಳಿಸಿ ನೋಡಿ, ಗುಂಡ್ಲುಪೇಟೆಯ ಅಂಟಿನ ವ್ಯಾಪಾರಿಗೆ "ನಿನ್ನ ಮಾಲಿನ ಅಣು ಗಿಡ್ಡ" ಎಂದು ತೀರ್ಪು ಕೊಟ್ಟು ಬಂದರು. ಅವನೇನು ಸುಮ್ಮನಿದ್ದನೇ? "ಗಿಡ್ಡಾನೋ ಉದ್ದಾನೋ, ಅಂಟ್ಕಂಡ್ರೆ ಸಾಕು, ಓಗಿ ಮೇಷ್ಟ್ರೇ!" ಎಂದನಂತೆ.

ಮನೆಯ ಗಂಜಿಪುಡಿಯೆಲ್ಲ ಕೊಳವೆಯ ಪಾಲಾಗಿ ಚಿಕ್ಕಪ್ಪನ ಪಂಚೆ ಜೋತುಬಿದ್ದಿರುತ್ತಿತ್ತು. "ಅದ್ರಲ್ಲಿ ಅರ್ಧ ಪಂಚೆಗಾಕಿದ್ರೆ ಮನ್ಸನಂಗಾದ್ರೂ ಕಾಣ್ತಿದ್ರಿ!" ಎಂದು ಚಿಕ್ಕಮ್ಮ ನಗುತ್ತಿದ್ದರು.

ಆ ನಗು ನಿಂತಿತು. ಚಿಕ್ಕಮ್ಮನ ಗಂಟಲಲ್ಲಿ ಮೊದಲು ಮುದ್ದೆ ಸಿಕ್ಕಿಕೊಂಡಿತು, ಆಮೇಲೆ ಅನ್ನ. ಹುಣ್ಣು ಕೈಮೀರಿದೆ, ಒಳಗೆ ಏನಾದರೂ ಇಳಿಯುತ್ತಿರುವವರೆಗೆ ಬದುಕು ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದರು. ಗಟ್ಟಿ ಗಂಜಿ ಇಳಿಯದು, ನೀರುಗಂಜಿಯಲ್ಲಿ ಸತ್ವವಿಲ್ಲ.

ಚಿಕ್ಕಪ್ಪ ಕೊಳವೆಯನ್ನು ಅಡುಗೆಮನೆಗೆ ತಂದು ನಿಲ್ಲಿಸಿದರು. ಬಿಸಿ ಗಂಜಿಗೆ ಮೊಳಕೆ ರಾಗಿಹಿಟ್ಟು ಕಲಸಿದರೆ ಗಂಜಿಯ ಉದ್ದುದ್ದ ಅಣುಗಳು ತುಂಡಾಗಿ, ಸತ್ವ ಕಳೆಯದೆ ತೆಳ್ಳಗಾಗುತ್ತದೆ ಎಂಬುದು ಅವರ ಲೆಕ್ಕ. "ಮಕ್ಳಿಗೆ ನಾವು ಮಾಡೋದೇ ಅಲ್ವಾ? ಇದ್ಕ್ ಗಾಜ್ಯಾಕೆ?" ಎಂದರು ಪಕ್ಕದ ಮನೆಯಾಕೆ. ಯಾರು ಕೇಳಬೇಕು! ದಿನಾ ಬೆಳಿಗ್ಗೆ ಗಂಜಿಯ ತಿಳಿ ಕೊಳವೆಯಿಂದ ಇಳಿದು ಸಾಸರುಗಳಿಗೆ ಬೀಳಬೇಕು, ಅದಕ್ಕೆ ಅಯೋಡಿನ್ ಹಾಕಬೇಕು. ನೀಲಿ ಬಂತೋ, ಉದ್ದದ ಅಣು ಇನ್ನೂ ಉಳಿದಿದೆ, ಮತ್ತೆ ಹೊಸ ಗಂಜಿ! ಮನೆಯ ಸಾಸರುಗಳೆಲ್ಲ ನೀಲಿ ಹಿಡಿದು, ನಾವು ಕಾಫಿಯನ್ನು ಚೊಂಬಿನಲ್ಲಿ ಕುಡಿದೆವು.

"ನಿಮ್ಮ ಅಣು ಇಳಿಯೋದ್ರೊಳ್ಗೆ ನನ್ ಪ್ರಾಣ ಒಂಟೋಯ್ತದೆ!" ಎನ್ನುತ್ತಿದ್ದರು ಚಿಕ್ಕಮ್ಮ, ಪಿಸುದನಿಯಲ್ಲಿ.

ನೀಲಿ ಹೋದ ಮೇಲೆ ಚಿಕ್ಕಪ್ಪ ಚಮಚದಲ್ಲಿ ಕುಡಿಸಿ, ಅವರ ಗಂಟಲನ್ನೇ ನೋಡುತ್ತ "ಇಳೀತಾ?" ಎಂದು ಕೇಳುವರು. ಚಿಕ್ಕಮ್ಮ ತಲೆಯಾಡಿಸುವರು. ಪರೀಕ್ಷೆ ಪಾಸಾದ ಹುಡುಗನ ಮುಖ ಮಾಡಿಕೊಂಡು ಅವರು ಶಾಲೆಗೆ ಹೊರಡುವರು.

ಒಂದು ದಿನ ಅವರು ಹೊರಟ ಮೇಲೆ ನಾನು ಒಳಗೆ ಹೋದೆ. ಚಿಕ್ಕಮ್ಮ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಕಣ್ಣಲ್ಲಿ ಧಾರೆ.

"ಗಂಜಿ ಇಳೀತಿಲ್ವಾ ಚಿಕ್ಕಮ್ಮ?"

"ಇಳೀತದೆ ಕಣಪ್ಪ. ಕೆಂಡ ಇಳ್ದಂಗೆ. ತೆಳ್ಳಗಿದ್ರೂ ಅಷ್ಟೇಯ."

"ಚಿಕ್ಕಪ್ಪಂಗೆ ಹೇಳ್ಬಾರ್ದಾ?"

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ಏಳ್ಬುಟ್ರೆ, ನಾಳೆ ಬೆಳಿಗ್ಗೆ ಎದ್ದು ಅವ್ರು ಏನ್ ಮಾಡ್ಬೇಕು, ಏಳು?"

ನಾನು ಚಿಕ್ಕಪ್ಪನಿಗೆ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಗಂಜಿಗಿಟ್ಟಾಗ ಹೋಗಿ ಸಾಸರುಗಳನ್ನು ತೊಳೆದುಕೊಟ್ಟೆ.