ಭಾವನ ಎಚ್ಚರಿಕೆ ಚೀಟಿಗಳು

ನಮ್ಮ ಭಾವನಷ್ಟು ಮರ್ಯಾದೆಯಿಂದ ಮನೆಮಂದಿಗೆ ನೋಟಿಸು ಕೊಡುವ ಮನುಷ್ಯ ಬೇಲೂರು ತಾಲ್ಲೂಕಿನಲ್ಲೇ ಇಲ್ಲ. ನಂಬಿಕೆಯಿಲ್ಲವೇ? ಹಗರೆಯಲ್ಲಿರುವ ಅಕ್ಕನ ಅಡುಗೆಮನೆಗೆ ಬನ್ನಿ. ಉಪ್ಪಿನ ಡಬ್ಬಿ ಮೇಲಿನ ಕಪಾಟಿಗೆ ಹೋಗಿ ತಿಂಗಳಾಯಿತು. ಹಳೆಯ ಜಾಗದಲ್ಲಿ ಇನ್ನೂ ಒಂದು ಬಟ್ಟಲು ಉಪ್ಪು, ಪಕ್ಕದಲ್ಲಿ ಭಾವನ ಚೀಟಿ: 'ಉಪ್ಪು ಮೇಲಿದೆ. ಇಲ್ಲಿ ದೀಪಾವಳಿಯವರೆಗೆ ಮಾತ್ರ.'

ಇದು ಕಸುಬಿನಿಂದ ಅಂಟಿದ ಚಾಳಿ. ನೂರಾರು ಕಂಪ್ಯೂಟರುಗಳಿಗೆ 'ನೀವು ಹೀಗೆ ಸಜ್ಜಾಗಿರಿ' ಎಂದು ಒಂದೇ ಕಡತದಲ್ಲಿ ಬರೆದಿಡುವ ಭಾಷೆಯೊಂದಿದೆ. ಅದನ್ನು ತಿದ್ದಿ ಬೆಳೆಸುವವರಲ್ಲಿ ಭಾವನೂ ಒಬ್ಬರು. ನಿನ್ನೆ ಬರೆದದ್ದು ನಾಳೆಯೂ ನಡೆಯಬೇಕೆಂಬುದು ಅವರ ವ್ರತ. ಹೊಸ ಪದ ಬಂತೆಂದು ಹಳೆಯದನ್ನು ಕಿತ್ತೆಸೆಯುವಂತಿಲ್ಲ. ಮೊದಲು ಒಂದು ಎಚ್ಚರಿಕೆ, ಆಮೇಲೆ ಇನ್ನೊಂದು ಎಚ್ಚರಿಕೆ!

ಹಿತ್ತಲಿಗೆ ಹೊಸ ಗೇಟು ಹಾಕಿಸಿದಾಗ ಹಳೆಯದಕ್ಕೂ ಒಂದು ಬೋರ್ಡು ನೇತುಹಾಕಿದರು. ಹಸು ಬೋರ್ಡಿನ ಸಮೇತ ಹಳೆಯ ಗೇಟಿನಲ್ಲೇ ನುಗ್ಗಿತು.

"ಅದು ಬೋರ್ಡ್ ಓದಲ್ಲ ಕಣ್ರೀ," ಎಂದಳು ಅಕ್ಕ.

"ನಮ್ ಭಾಷೆ ಬಳಸೋರೂ ಅಷ್ಟೇ ಕಣೇ. ಹಳೇ ಗೇಟು ಇನ್ನೊಂದ್ ವರ್ಷ ಇರ್ಲಿ."

ಹೀಗಿರುವಾಗ ಆ ಭಾಷೆಯ ಒಂದು ಹಳೆಯ ಪದದ ಗಡುವು ಮುಗಿಯುತ್ತ ಬಂತು. ಎಲ್ಲರೂ ತಮ್ಮ ಕಡತ ತಿದ್ದಿಕೊಂಡರು. 'ನಾನು ತಿದ್ದಲಾರೆ' ಎಂದು ಬರೆದವರು ಒಬ್ಬರೇ, ಗಂಡಸಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುವ ಟೀಚರಮ್ಮ. ಪದ ಹೋದರೆ ಅವರ ಹತ್ತು ಕಂಪ್ಯೂಟರುಗಳು ಸಜ್ಜಾಗುವುದಿಲ್ಲ, ತರಗತಿ ನಿಲ್ಲುತ್ತದೆ. ಒಬ್ಬರ ಒಂದು ಪದಕ್ಕಾಗಿ ಯಾರಾದರೂ ಬಸ್ಸು ಹತ್ತುತ್ತಾರೆಯೇ? ಭಾವ ಹತ್ತಿದರು. ತಮಾಷೆ ನೋಡಲು ನಾನೂ ಹೊರಟೆ. ಅರಸೀಕೆರೆಯಲ್ಲಿ ಬಸ್ಸು ಬದಲಿಸುವಾಗ, "ಐದ್ ನಿಮಿಷದ ಕೆಲ್ಸ ಕಣೋ, ನಾನೇ ತಿದ್ದಿಕೊಡ್ತೀನಿ," ಎಂದರು.

ಟೀಚರಮ್ಮ ಕಾಫಿ ಕೊಟ್ಟು ಕಡತ ತೆರೆದರು.

"ತಿದ್ದೋಕೆ ಬರ್ದೇ ಅಲ್ಲ ಸಾರ್. ಇದು ನಮ್ಮನೆಯವ್ರು ಬರೆದಿದ್ದು. ಅವ್ರು ಹೋಗಿ ಮೂರ್ ವರ್ಷ ಆಯ್ತು. ದಿನಾ ಬೆಳಿಗ್ಗೆ ಇದನ್ನ ಓಡಿಸಿದ್ರೆ, ಅವ್ರೇ ಬಂದು ಎಲ್ಲಾ ಜೋಡ್ಸಿಟ್ಟು ಹೋದಂಗೈತೆ."

ಭಾವ ಏನನ್ನೂ ಮುಟ್ಟದೆ ಎದ್ದರು. ಮನೆಗೆ ಬಂದು, ಜೊತೆಯವರೊಡನೆ ವಾರಗಟ್ಟಲೆ ಫೋನಿನಲ್ಲಿ ಜಗಳವಾಡಿ, ಒಂದು ನಿಯಮ ತಂದರು: ಹೊಸ ಪದ ಬೇಕಾದವರು ಕಡತದ ತಲೆಯಲ್ಲಿ ಹಾಗೆಂದು ಬರೆಯಲಿ. ಏನೂ ಬರೆಯದಿದ್ದರೆ ಭಾಷೆ ಅದನ್ನು ಹಳೆಯ ರೀತಿಯಲ್ಲೇ ಓದಿಕೊಳ್ಳಲಿ.

ಹೊಸ ಆವೃತ್ತಿ ಬಂದ ಬೆಳಿಗ್ಗೆ ಟೀಚರಮ್ಮನ ಫೋನು.

"ಒಂದಕ್ಷರಾನೂ ಮುಟ್ಲಿಲ್ಲ ಸಾರ್. ಹತ್ತೂ ಸರಿಯಾಗವೆ. ಇವತ್ತೂ ಬಂದಿದ್ರು."

ಭಾವ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಹಂಗಿಸಲೆಂದು ಬಂದಿದ್ದ ನಾನು ಅವರಿಗೆ ಕಾಫಿ ತರಲು ಒಳಗೆ ಹೋದೆ. ಇಂಥವರನ್ನು ಅಕ್ಕ ಕಟ್ಟಿಕೊಂಡದ್ದು ನಮ್ಮ ಪುಣ್ಯ.