ಕ್ರಿಯಾಪದಕ್ಕೆ ಹೊಡೆಯುವ ಮೊಳೆ

ಹಯವದನ: ಒಂದು ಕ್ರಿಯಾಪದ ಕಣೇ! ನೀನು ಅದರ ಅರ್ಥ ಹುಡುಕೋಷ್ಟರಲ್ಲಿ ಬೆಂಗಳೂರಿನ ಮೆಟ್ರೋ ಕೂಡ ಹಳದಿ ಲೈನು ಮುಗಿಸ್ತು.

ಕಾಂಚನಾ: ಆಮೇಲೆ ಬೈಯಿರಿ. ಪುಸ್ತಕಕ್ಕೆ ತೂತು ಎಲ್ಲಿ?

ಸ್ವೀಡನ್ನಿನ ಲುಂಡ್ ಊರಿನ ವಿಶ್ವವಿದ್ಯಾಲಯದ ಕಾರಿಡಾರು. ಇಲ್ಲಿ ಪಿಎಚ್‌ಡಿಯವರು ತಮ್ಮ ಪ್ರಬಂಧವನ್ನು ಸ್ವತಃ ಸುತ್ತಿಗೆ ಹಿಡಿದು ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು; ಊರಿಗೆಲ್ಲ ಹಾಗೆ ಸಾರಿದ ಮೇಲೆಯೇ ವೈವಾ. ಕಾಂಚನಾಳಿಗೆ ಇವತ್ತೇ ಕಡೆಯ ದಿನ. ಮಧ್ಯಾಹ್ನ ದಾಟಿದರೆ ವೈವಾ ಮುಂದಿನ ವರ್ಷಕ್ಕೆ. ದಪ್ಪ ಪುಸ್ತಕಕ್ಕೆ ಮನೆಯಲ್ಲೇ ಡ್ರಿಲ್ಲಿನಿಂದ ತೂತು ಕೊರೆದು ತರುವ ಕೆಲಸ ಗಂಡನದು. ಆತ ತಂದ ಪುಸ್ತಕದಲ್ಲಿ ತೂತಿಲ್ಲ, ಕುಂಕುಮವಿದೆ.

ಹಯವದನ: ಇವತ್ತು ಆಯುಧ ಪೂಜೆ. ಡ್ರಿಲ್ಲಿಗೂ ಆಗಿದೆ, ಪುಸ್ತಕಕ್ಕೂ ಆಗಿದೆ. ಪೂಜೆಗಿಟ್ಟ ಆಯುಧಾನ ಇವತ್ತು ಕೆಲಸಕ್ಕೆ ಹಚ್ಚಬಾರದು.

ಕಾಂಚನಾ: ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿದ್ರಿ. ಆಮೇಲೆ ಮೀಟಿಂಗಿಗೆ ಕೂತಿದ್ಯಾರು, ನಿಮ್ಮ ತಾತನಾ?

ಹಯವದನ: ಅದು ಹೊಟ್ಟೆಪಾಡು. ಸರಸ್ವತಿಗೆ ಮೊಳೆ ಹೊಡೆಯೋದು ಬೇರೆ.

ಕಾಂಚನಾ: ಮೊನ್ನೆ ಪ್ರೆಸ್ಸಿಂದ ಬಂದಾಗ ಇದೇ ಸರಸ್ವತಿ ಮೇಲೆ ಬಿಸಿ ಕುಕ್ಕರ್ ಇಟ್ಟಿದ್ರಿ.

ಹಯವದನ: ಆಗಿನ್ನೂ ಪೂಜೆ ಆಗಿರಲಿಲ್ಲ.

ಫೀಕಾಗೆಂದು, ಅಂದರೆ ಇಲ್ಲಿಯವರ ಕಾಫಿ ಕೂಟಕ್ಕೆಂದು, ಕೇಕು ಹಿಡಿದು ನಿಂತಿದ್ದ ಸಹೋದ್ಯೋಗಿಗಳು ಗಡಿಯಾರ ನೋಡಿದರು. ಗಂಡ ಹೆಂಡಿರ ಜಗಳಕ್ಕೆ ಬಾಯಿ ಹಾಕುವುದು ಆ ಜನಕ್ಕೆ ಗೊತ್ತೇ ಇಲ್ಲ, ಪಾಪ.

ಹಯವದನ: ಅಷ್ಟಕ್ಕೂ ಇದರಲ್ಲಿ ಏನಿದೆ? ಬೈಬಲ್ಲಿನ ಗ್ರೀಕಲ್ಲಿ ‘ಫ್ರೊನೆಯೋ’ ಅಂದ್ರೆ ಯೋಚನೆ ಮಾಡೋದು. ಮುಗೀತಲ್ಲ?

ಕಾಂಚನಾ: ಬರೀ ಯೋಚನೆ ಅಲ್ಲ. ಮನಸ್ಸು ಯಾವ ಕಡೆ ವಾಲಿದೆ, ಯಾರ ಹಿತ ನೋಡ್ತಿದೆ ಅನ್ನೋದು. ಬಹುವಚನದಲ್ಲಿ ಆಜ್ಞೆ ಮಾಡಿದಾಗಂತೂ ಒಬ್ಬರ ತಲೆಯೊಳಗಿನ ಕೆಲಸ ಅಲ್ಲ, ಎಲ್ಲರೂ ಸೇರಿ ಒಂದು ಕಡೆ ಮನಸ್ಸಿಡೋದು.

ಹಯವದನ: ನಮ್ಮಜ್ಜಿ ಇದನ್ನ ಪುಕ್ಕಟೆ ಹೇಳ್ತಿದ್ರು.

ಕಾಂಚನಾ: ನೀವು ಕೇಳಿಸ್ಕೊಂಡ್ರಾ? ಕೊಡಿ ಇಲ್ಲಿ. ತೂತಿಲ್ಲದಿದ್ರೂ ಹೊಡೀತೀನಿ.

ಅವಳು ಪುಸ್ತಕವನ್ನು ಹಲಗೆಗೆ ಒತ್ತಿ ಮೇಲ್ತುದಿಗೆ ಮೊಳೆ ಇಟ್ಟಳು. ಹಯವದನ ತಟ್ಟನೆ ಕೈ ಅಡ್ಡ ಹಿಡಿದ.

ಹಯವದನ: ಅಲ್ಲಿ ಬೇಡ! ಕೆಳಗೆ ಹೊಡಿ.

ಕಾಂಚನಾ: ಕೆಳಗೆ ಹೊಡೆದ್ರೆ ತಲೆಕೆಳಗಾಗಿ ನೇತಾಡುತ್ತೆ. ನಿಮ್ಮ ಸರಸ್ವತಿ ಮೇಲ್ತುದೀಲಿ ಮಾತ್ರ ಇರ್ತಾಳಾ?

ಹಯವದನ: ಸರಸ್ವತಿ ವಿಷಯ ಬಿಡೇ! ಸರಿಯಾಗಿ ನೋಡು, ಮೊಳೆ ನನ್ನ ಹೆಸರಿನ ಮೇಲಿದೆ.

ನಿಜ. ಪಾಸ್‌ಪೋರ್ಟಿನಲ್ಲಿ ಅವಳ ಸರ್‌ನೇಮ್ ಜಾಗದಲ್ಲಿ ಗಂಡನ ಹೆಸರು ಕೂತಿದೆ. ಹಾಗಾಗಿ ಮುಖಪುಟದಲ್ಲೂ ‘ಕಾಂಚನಾ ಹಯವದನ’ ಎಂದೇ ಅಚ್ಚಾಗಿತ್ತು.

ಹಯವದನ: (ದನಿ ತಗ್ಗಿಸಿ) ಇಲ್ಲಿಯವರು ನಿನ್ನ ಪುಸ್ತಕದ ಬಗ್ಗೆ ಬರೆಯೋವಾಗ ಸರ್‌ನೇಮ್ ತಾನೇ ಹಾಕೋದು? ‘ಹಯವದನ ಹೀಗೆ ಹೇಳಿದ್ದಾರೆ’ ಅಂತ. ಆಫೀಸಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ. ಅದರ ಮೇಲೆ ಮೊಳೆ ಹೊಡೀತಾರೇನೇ?

ಕಾಂಚನಾಳಿಗೆ ಮೈಯೆಲ್ಲ ಉರಿಯಿತು. ಮೊಳೆಯನ್ನು ಎತ್ತಿ, ಆ ಹೆಸರಿನ ನಟ್ಟನಡುವೆ ಇಟ್ಟಳು.

ಕಾಂಚನಾ: ಗಟ್ಟಿಯಾಗಿ ಹಿಡ್ಕೊಳ್ಳಿ. ಮನಸ್ಸು ತನ್ನ ಕಡೆಗೇ ವಾಲೋದಕ್ಕೆ ಒಳ್ಳೆ ಉದಾಹರಣೆ ಸಿಗದೆ ಒಂದು ಅಧ್ಯಾಯ ಸೊರಗಿ ಹೋಗಿತ್ತು. ಮುಖಪುಟದ ಮೇಲೇ ಅಚ್ಚಾಗಿದೆ ಅಂತ ನನಗೇನು ಗೊತ್ತು!